ಪೋಲಂಡಿಗೆ ಹೋದ ಹಸಿರು ಖಣ

ಇಂಡಿ

ಪೋಲಂಡ್ ದೇಶಕ್ಕೆ ಹೊರಟಾಗ ನನ್ನ ಸೂಟ್‌ಕೇಸಿನ ತಳದಲ್ಲಿ ಒಂದು ಹಸಿರು ಖಣ ಇತ್ತು. ಕುಪ್ಪಸಕ್ಕೆ ಆಗುವಷ್ಟು ಗುಳೇದಗುಡ್ಡದ ಬಟ್ಟೆ, ಕೆಂಪು ದಡಿ, ಇನ್ನೂ ಹೊಲಿಸದೆ ಇದ್ದದ್ದು. ಜನ ಪರದೇಶಕ್ಕೆ ಹೋಗುವುದು ಏನಾದರೂ ತರುವುದಕ್ಕೆ. ನಾನು ಹೊರಟದ್ದು ಇದನ್ನು ಅಲ್ಲಿ ಬಿಟ್ಟು ಬರುವುದಕ್ಕೆ. ಕ್ರಿಸ್‌ಮಸ್ ನೋಡುವುದು ಆಮೇಲಿನ ಮಾತು.

ಇದಕ್ಕೆಲ್ಲ ಕಾರಣ ಶಾಂತಕ್ಕ. ಶಾಂತಕ್ಕ ಎಂದರೆ ನನ್ನ ನೆಗೆಣ್ಣಿ, ನನ್ನ ಯಜಮಾನರ ಅಣ್ಣನ ಹೆಂಡತಿ. ಇರುವುದು ಬಸವನ ಬಾಗೇವಾಡಿಯಲ್ಲಿ. ಭಾವನವರು ತೀರಿಕೊಂಡು ಎರಡು ವರ್ಷ ದಾಟಿತ್ತು. ನಾನು ಇಂಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು, ಹೆಸರು ಸುವರ್ಣಾ. ಮದುವೆಯಾದ ದಿನದಿಂದ ನಾವಿಬ್ಬರೂ ಅಕ್ಕತಂಗಿಯರ ಹಾಗೇ ಇದ್ದೆವು. ಹೋದ ದೀಪಾವಳಿ ಮುಗಿದ ಮೇಲೆ ಸಿಂದಗಿಯಲ್ಲಿ ನಮ್ಮ ನಾದಿನಿಯ ಮಗಳ ಮದುವೆಯಾಯಿತು ನೋಡಿ, ಅಲ್ಲಿ ಕೆಟ್ಟಿತು.

ನಮ್ಮ ಕಡೆ ಖಣ ಒಂದೇ ಮನೆಯಲ್ಲಿ ಕೂತಿರುವ ವಸ್ತುವಲ್ಲ. ಮದುವೆ, ಬಸುರಿಯ ಸೀಮಂತದ ಕುಬಸ, ಮನೆ ಪ್ರವೇಶ, ಯಾವ ಕಾರ್ಯಕ್ಕೆ ಹೋದರೂ ಹೆಣ್ಣುಮಕ್ಕಳ ಕೈಗೆ ಒಂದು ಖಣ ಬರುತ್ತದೆ. ಹತ್ತು ಬಂದರೆ ಎರಡು ಹೊಲಿಸಿ, ಉಳಿದ ಎಂಟನ್ನು ಟ್ರಂಕಿನಲ್ಲಿಟ್ಟು ಮುಂದಿನವರಿಗೆ ದಾಟಿಸುತ್ತೇವೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಇರುವುದು ಒಂದೇ ನಿಯಮ, ಕೊಟ್ಟವರಿಗೇ ತಿರುಗಿ ಕೊಡಬಾರದು. ಮೇಷ್ಟ್ರುಗಿರಿ ಮಾಡಿದ ನಾನು ಅದಕ್ಕೊಂದು ಉಪಾಯ ಮಾಡಿಕೊಂಡಿದ್ದೇನೆ. ಯಾರಿಗೆ ಕೊಡಬೇಕೋ ಅವರ ಹೆಸರಿನ ಮೊದಲಕ್ಷರವನ್ನು ಖಣದ ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ಸಣ್ಣಗೆ ಬರೆದಿಡುತ್ತೇನೆ.

ಸಿಂದಗಿಯ ಮದುವೆಯಲ್ಲಿ ಶಾಂತಕ್ಕ ನನ್ನ ಕೈಗೆ ಈ ಹಸಿರು ಖಣ ಇಟ್ಟಳು. ಬಿಚ್ಚಿ ನೋಡಿದರೆ ಮೂಲೆಯಲ್ಲಿ 'ಶಾ' ಎಂದು ನನ್ನದೇ ಅಕ್ಷರ. ಮೂರು ವರ್ಷದ ಹಿಂದೆ ನಾನೇ ಆಕೆಗೆ ಕೊಟ್ಟದ್ದು. ನನ್ನ ನಾಲಿಗೆಗೆ ಎಲುಬಿಲ್ಲ. ಚಪ್ಪರದ ನಡುವೆ ಖಣ ಎತ್ತಿ ಹಿಡಿದು, "ನೋಡ್ರಿ ಎಲ್ಲಾರೂ, ನಾ ಕೊಟ್ಟ ಖಣ ಊರೆಲ್ಲಾ ತಿರುಗಿ ನನ್ನ ಮನಿಗೇ ಬಂದೈತಿ!" ಎಂದೆ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಶಾಂತಕ್ಕ ಊಟಕ್ಕೆ ಕೂಡದೆ ಎದ್ದು ಹೋದಳು. ಆಕೆಯ ಬಸ್ಸು ಬಾಗೇವಾಡಿ ಮುಟ್ಟುವ ಮೊದಲೇ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಿಂದ ನನ್ನನ್ನು ತೆಗೆದುಹಾಕಿಯಾಗಿತ್ತು. ಆ ಗ್ರೂಪಿಗೆ ಆಕೆಯೇ ಯಜಮಾನಿ.

ಸಂಕಟವೇನೆಂದರೆ, ಅಷ್ಟರೊಳಗೆ ನಮ್ಮಿಬ್ಬರಿಗೂ ವೀಸಾ ಬಂದಿತ್ತು. ಎರಡು ವರ್ಷದ ಹಿಂದೆ ಮಾರ್ತಾ ಮತ್ತು ಪಾವೆಲ್ ಎಂಬ ಪೋಲಂಡಿನ ಗಂಡಹೆಂಡತಿ ಸೈಕಲ್ ಮೇಲೆ ದೇಶ ಸುತ್ತುತ್ತ, ಹೊರ್ತಿಯ ಹತ್ತಿರ ಗಾಲಿ ಮುರಿದುಕೊಂಡು ನಿಂತಿದ್ದರು. ನಮ್ಮ ಯಜಮಾನರು ಅವರನ್ನು ಮನೆಗೆ ಕರೆತಂದರು. ನಾಲ್ಕು ದಿನ ಇದ್ದರು. ಆಗ ಶಾಂತಕ್ಕನೂ ನಮ್ಮಲ್ಲೇ ಇದ್ದಳು. ಇಬ್ಬರೂ ಸೇರಿ ಎಷ್ಟು ಉಣ್ಣಿಸಿದೆವೆಂದರೆ, ಮಾರ್ತಾ ಕಲಿತ ಒಂದೇ ಕನ್ನಡ ಪದ 'ಸಾಕು'. ಹೋಗುವಾಗ, "ಕ್ರಿಸ್‌ಮಸ್ಸಿಗೆ ನಮ್ಮ ಮನೆಗೆ ಬರಲೇಬೇಕು, ಇಬ್ಬರೂ" ಎಂದಿದ್ದಳು. ಯಾರಾದರೂ ಬರ್ರಿ ಎಂದರೆ ಹೋಗುವುದು ನಮ್ಮ ಜಿಲ್ಲೆಯವರ ಸ್ವಭಾವ.

ಆಕೆ ಬರುವುದಿಲ್ಲವೆನ್ನಲಿ ಎಂದು ನಾನು ಕಾದೆ. ನಾನು ಬರುವುದಿಲ್ಲವೆನ್ನಲಿ ಎಂದು ಆಕೆ ಕಾದಳು. ಹೀಗೆ ಕಾಯುತ್ತ ಕಾಯುತ್ತ ವಿಮಾನದ ದಿನ ಬಂದುಬಿಟ್ಟಿತು. "ನೀವರ ಬರ್ರಿ" ಎಂದು, ವೀಸಾ ಇಲ್ಲವೆಂದು ಗೊತ್ತಿದ್ದೂ, ಯಜಮಾನರನ್ನು ಕೇಳಿದೆ. "ಲಿಂಬಿಹಣ್ಣು ಕೀಳೂದೈತಿ. ಮತ್ತ ನಿಮ್ಮಿಬ್ಬರ ನಡುವ ಕೂತ್ರ ನನಗ ಅಲ್ಲಿ ಥಂಡಿ ಹತ್ತೂದಿಲ್ಲ, ಜ್ವರ ಬರ್ತಾವ" ಎಂದರು.

ಖಣವನ್ನು ಸೂಟ್‌ಕೇಸಿಗೆ ಹಾಕಿದ್ದು ಆ ದಿನವೇ. ಮಾರ್ತಾಳ ಅಜ್ಜಿಗೆ ಕಾಣಿಕೆ ಕೊಟ್ಟು ಬಂದರೆ ಇನ್ನು ಏಳು ಜನ್ಮಕ್ಕೂ ಅದು ನನ್ನ ಮನೆಗೆ ತಿರುಗಿ ಬರಲಾರದು ಎಂಬುದು ನನ್ನ ಲೆಕ್ಕಾಚಾರ.

ಆಕಾಶದಲ್ಲಿ

ವಿಮಾನದಲ್ಲಿ ಅಕ್ಕಪಕ್ಕದ ಸೀಟು. ಸಿಟ್ಟಿನವರಿಗೆಂದೇ ಮಾಡಿದ ಹಾಗೆ ನಡುವೆ ಒಂದೇ ಕೈಯಾನಿಕೆ. ಅದರ ಮೇಲೆ ಮೊದಲು ಮೊಣಕೈ ಇಟ್ಟವಳು ಶಾಂತಕ್ಕ, ಕಡೆಯ ತನಕ ತೆಗೆಯಲಿಲ್ಲ.

ಆಕೆ ನನ್ನ ಜೊತೆ ಮಾತು ಬಿಟ್ಟಿದ್ದಳೇ ಹೊರತು ಮಾತಾಡುವುದನ್ನು ಬಿಟ್ಟಿರಲಿಲ್ಲ. ಗಗನಸಖಿ ನೀರು ತಂದರೆ ಅವಳಿಗೆ ಅಚ್ಚ ಕನ್ನಡದಲ್ಲಿ, "ತಂಗೀ, ಇಕಿಗೆ ಹೇಳವಾ, ಕಾಲು ಆ ಕಡೆ ತಗೀ ಅಂತ" ಎನ್ನುವಳು. ಆ ಹುಡುಗಿ ನಕ್ಕು ಇನ್ನೊಂದು ಲೋಟ ನೀರು ಕೊಡುವಳು. ನಾನೂ ಸುಮ್ಮನಿರುವವಳಲ್ಲ. ಎದುರಿನ ಸೀಟಿನ ಬೆನ್ನಿಗೆ, "ಕೆಲವರು ತಮ್ಮ ಚೀಲ ಮಂದಿ ಕಾಲ ಮ್ಯಾಲ ಇಟ್ಟಾರ, ಮತ್ತ ಕಾಲ ತಗೀ ಅಂತಾರ" ಎಂದು ಹೇಳಿದೆ. ಆ ಸೀಟಿನಲ್ಲಿದ್ದ ಬೋಳುತಲೆಯ ಮನುಷ್ಯ ಎರಡು ಸಲ ತಿರುಗಿ ನೋಡಿದ.

ವಾರ್ಸಾದಲ್ಲಿ ಇಳಿದಾಗ ಮೂಗು ಇದೆಯೋ ಬಿದ್ದುಹೋಯಿತೋ ಎಂದು ಮುಟ್ಟಿ ನೋಡಿಕೊಳ್ಳುವಂಥ ಚಳಿ. ನಮ್ಮಲ್ಲಿ ಡಿಸೆಂಬರಿನಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಥಂಡಿ ಥಂಡಿ ಎಂದು ಕೂಗಾಡುತ್ತೇವಲ್ಲ, ಅದು ಇವರ ಬೇಸಿಗೆ ಇರಬೇಕು. ಶಾಂತಕ್ಕ ಸೀರೆಯ ಮೇಲೆ ಭಾವನವರ ಕಂದು ಸ್ವೆಟರು, ಅದರ ಮೇಲೆ ಶಾಲು, ಅದರ ಮೇಲೆ ಕೋಟು ಹಾಕಿಕೊಂಡಿದ್ದಳು. ಬಾಗಿಲಲ್ಲಿ ಹಾಯಬೇಕಾದರೆ ಅಡ್ಡ ತಿರುಗಬೇಕಾಗುತ್ತಿತ್ತು. ನಕ್ಕುಬಿಡಬೇಕೆನಿಸಿತು, ಆದರೆ ಮಾತು ಬಿಟ್ಟವರು ಜೊತೆಗೆ ನಗುವಂತಿಲ್ಲ. ಇಂಥ ನಗು ಒಬ್ಬಳೇ ನುಂಗುವುದು ಬಹಳ ಕಷ್ಟ.

ರೈಲಿನಲ್ಲಿ

ಮಾರ್ತಾಳ ಊರು ಲುಬ್ಲಿನ್ ಪಟ್ಟಣದಾಚೆಯ ಒಂದು ಹಳ್ಳಿ. ಲುಬ್ಲಿನ್ ತನಕ ರೈಲು. ಆರೆಂಟು ಜನ ಎದುರುಬದುರು ಕೂಡುವ ಸಣ್ಣ ಕೋಣೆ. ಹಬ್ಬಕ್ಕೆ ಊರಿಗೆ ಹೋಗುವವರೇ ಎಲ್ಲರೂ, ಕಾಲಬುಡದಲ್ಲಿ ಕಾಣಿಕೆಯ ಚೀಲಗಳು. ಇಷ್ಟೆಲ್ಲ ಇದ್ದೂ ಒಂದು ಮಾತಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ನಿಡಗುಂದಿ ದಾಟುವುದರೊಳಗೆ ಪಕ್ಕದವರ ಮಗಳಿಗೆ ಗಂಡು ಗೊತ್ತಾಗಿದೆಯೋ ಇಲ್ಲವೋ ಎಂಬ ತನಕ ಮಾತು ಬಂದಿರುತ್ತದೆ. ಇಲ್ಲಿ ಗಡಿಯಾರದ ಸದ್ದೂ ಕೇಳಿಸುವಷ್ಟು ಮೌನ.

ಅಂಥ ಮೌನದಲ್ಲಿ ಶಾಂತಕ್ಕ ಬುತ್ತಿಗಂಟು ಬಿಚ್ಚಿದಳು. ಗರಿಗರಿಯಾಗಿ ಒಣಗಿಸಿದ ಕಟಕ ಜೋಳದ ರೊಟ್ಟಿ. ಮೊದಲ ತುತ್ತಿಗೇ ಕಟಂ ಎಂದು ಸದ್ದಾಯಿತು. ಆರು ತಲೆಗಳು ಒಮ್ಮೆಗೇ ಎದ್ದವು. ಆಕೆಗೆ ಅದರ ಅರ್ಥ ಒಂದೇ, ಪಾಪ ಇವರಿಗೂ ಹಸಿವೆ. ಎದುರಿಗೆ ಒಬ್ಬ ಮೀಸೆಯ ಮುದುಕ ಪೇಪರು ಓದುತ್ತಿದ್ದ. ಅವನ ಕೈಯಿಂದ ಪೇಪರು ತೆಗೆದು ಪಕ್ಕಕ್ಕಿಟ್ಟು, ಅಂಗೈ ಮೇಲೆ ರೊಟ್ಟಿ ಮುರಿದಿಟ್ಟು, ಅದರ ಮೇಲೆ ಶೇಂಗಾ ಚಟ್ನಿ ಸುರಿದು, "ತಿನ್ನರಿ, ಮನ್ಯಾಗ ಮಾಡಿದ್ದು" ಎಂದಳು. ಮುದುಕ ತಿಂದ, ಕೆಮ್ಮಿದ, ಕಣ್ಣಲ್ಲಿ ನೀರು ತಂದುಕೊಂಡ, ಮತ್ತೆ ಕೈ ಚಾಚಿದ. ಐದು ನಿಮಿಷದಲ್ಲಿ ಇಡೀ ಕೋಣೆ ಕಟಂ ಕಟಂ ಎನ್ನತೊಡಗಿತು. ಒಬ್ಬಾಕೆ ಗಸಗಸೆ ತುಂಬಿದ ಕೇಕು ಹೊರತೆಗೆದಳು, ಇನ್ನೊಬ್ಬಳು ಕಿತ್ತಳೆ ಹಂಚಿದಳು, ಮುದುಕ ತನ್ನ ಮೊಮ್ಮಕ್ಕಳ ಫೋಟೋ ತೋರಿಸಿದ.

ಶಾಂತಕ್ಕ ಆರು ಮಂದಿಗೂ ಮುರಿದು ಕೊಟ್ಟಳು. ನನಗೆ ಮಾತ್ರ ಕೊಡಲಿಲ್ಲ. ನನ್ನ ಬುತ್ತಿ ಮೇಲಿನ ಹಲಗೆಯಲ್ಲಿ ದೊಡ್ಡ ಸೂಟ್‌ಕೇಸಿನೊಳಗೆ, ತಳದಲ್ಲಿ ಆ ಹಸಿರು ಖಣದ ಜೊತೆಗೆ ಇತ್ತು. ಕಿಟಕಿಯಾಚೆ ಹಿಮ ನೋಡುತ್ತ ಕೂತೆ. ಗುರುತುಪರಿಚಯವಿಲ್ಲದವರಿಗೆಲ್ಲ ಸಿಕ್ಕ ರೊಟ್ಟಿ ನನಗೆ ಸಿಗಲಿಲ್ಲವಲ್ಲ ಎಂದು ಹೊಟ್ಟೆಗಿಂತ ಹೆಚ್ಚು ಬೇರೆಲ್ಲೋ ನೋವಾಯಿತು. ಒಣರೊಟ್ಟಿಗೆ ಆಸೆಪಟ್ಟು ಅಳು ಬರುವಂತಾಗುವುದು ನಿವೃತ್ತ ಶಿಕ್ಷಕಿಗೆ ಶೋಭಿಸುವುದಿಲ್ಲ, ಆದರೂ ಆಯಿತು.

ಬಾಬ್ಚಾಳ ಅಡುಗೆಮನೆ

ಮಾರ್ತಾಳ ಅಜ್ಜಿಯನ್ನು ಮನೆಯವರೆಲ್ಲ ಬಾಬ್ಚಾ ಎನ್ನುತ್ತಾರೆ. ವಯಸ್ಸು ಎಂಬತ್ತರ ಮೇಲೆ. ಗಂಡ ಹೋಗಿ ಬಹಳ ವರ್ಷವಾಗಿದೆಯಂತೆ. ಮೈಮೇಲೆ ಮೆಣಸಿನಕಾಯಿಯಷ್ಟು ಕೆಂಪು ಜಾಕೀಟು, ಕೊರಳಲ್ಲಿ ಮಣಿಸರ. ಆ ಮನೆಯಲ್ಲಿ ಮೊದಲು ಕೂಡುವವಳು ಆಕೆ, ಮೊದಲು ಬಡಿಸುವುದು ಆಕೆಗೆ. ಶಾಂತಕ್ಕ ಆ ಕೆಂಪು ಜಾಕೀಟನ್ನು ಎರಡು ದಿನವೂ ಕಣ್ಣು ಕೀಲಿಸಿ ನೋಡಿದ್ದನ್ನು ನಾನು ಗಮನಿಸಿದೆ. ಯಾಕೆಂದು ಆಗ ಹೊಳೆಯಲಿಲ್ಲ.

ನನಗೆ ಇಂಗ್ಲಿಷ್ ಬರುತ್ತದಲ್ಲ, ಇಲ್ಲಿ ನಾನೇ ಮುಂದಾಳು ಎಂದುಕೊಂಡಿದ್ದೆ. ಬಾಬ್ಚಾಗೆ ಇಂಗ್ಲಿಷ್ ಬರುವುದಿಲ್ಲ. ಶಾಂತಕ್ಕ ಕನ್ನಡದಲ್ಲಿ, ಬಾಬ್ಚಾ ಪೋಲಿಷ್‌ನಲ್ಲಿ, ಇಬ್ಬರೂ ದಿನವಿಡೀ ಅಡುಗೆಮನೆಯಲ್ಲಿ ಹರಟೆ ಹೊಡೆದರು. ಕಣಕದೊಳಗೆ ಆಲೂಗಡ್ಡೆ ತುಂಬಿ ಮಡಚಿ ಕುದಿಸುವ ಒಂದು ತಿಂಡಿ ಅಲ್ಲಿ ಮುಖ್ಯ, ನಮ್ಮ ಕಡುಬಿನ ತಮ್ಮ. ಶಾಂತಕ್ಕ ಅದರ ಅಂಚನ್ನು ಜಡೆಯ ಹಾಗೆ ಹೆಣೆದು ತೋರಿಸಿದಳು. ಬಾಬ್ಚಾ ಮನೆಯವರನ್ನೆಲ್ಲ ಕೂಗಿ ಕರೆದು ತೋರಿಸಿದಳು. ಅಂಗಳದಲ್ಲಿ ಹಿಮ ಸರಿಸುವ ಕೆಲಸ ನನಗೆ ಬಂತು.

ಅಲ್ಲಿ ಸಸ್ಯಾಹಾರಕ್ಕೆ ಇನ್ನೊಂದು ಅರ್ಥ ಕಲಿತೆ. ಹಬ್ಬದ ಹಿಂದಿನ ಸಂಜೆ ಅವರು ಮಾಂಸ ಮುಟ್ಟುವುದಿಲ್ಲ. "ಹೆದರಬೇಡಿ, ಎಲ್ಲ ನಿಮ್ಮ ಹಾಗೇ ಸಸ್ಯಾಹಾರ, ಮೀನು ಅಷ್ಟೇ" ಎಂದು ಪಾವೆಲ್ ಧೈರ್ಯ ಹೇಳಿದ. ಮಾರ್ತಾ ಇಂಡಿಯಲ್ಲಿ ನಾಲ್ಕು ದಿನ ಉಂಡವಳಾದ್ದರಿಂದ ನಮ್ಮ ಪಾತ್ರೆಗಳನ್ನು ಬೇರೆ ಇಟ್ಟಿದ್ದಳು.

ಡಿಸೆಂಬರ್ ಇಪ್ಪತ್ನಾಲ್ಕು

ಆ ದಿನ ಬೆಳಿಗ್ಗೆಯಿಂದ ಉಪವಾಸ. ಆಕಾಶದಲ್ಲಿ ಮೊದಲ ಚುಕ್ಕಿ ಕಂಡ ಮೇಲೆಯೇ ಊಟ. ನಮ್ಮ ಸಂಕಷ್ಟಿಯ ಚಂದ್ರನ ಹಾಗೆ. ಚಂದ್ರನಾದರೂ ದೊಡ್ಡವನು, ಇಲ್ಲಿ ಮೋಡದ ಸಂದಿಯಲ್ಲಿ ಒಂದು ಚುಕ್ಕಿ ಹುಡುಕಬೇಕು. ಮೂರೂವರೆಗೇ ಹೊತ್ತು ಮುಳುಗಿತು. ಮನೆಯ ಒಂಬತ್ತು ಜನ ಮತ್ತು ನಾವಿಬ್ಬರು ಅಂಗಳದಲ್ಲಿ ಕತ್ತು ನೋಯುವ ತನಕ ನಿಂತೆವು. ಕೊನೆಗೆ ಬಾಬ್ಚಾ ಎಲ್ಲಿಯೋ ಕೈತೋರಿಸಿ, ಕಂಡಿತು ಎಂದು ಸಾರಿದಳು. ಯಾರಿಗೂ ಏನೂ ಕಂಡಿರಲಿಲ್ಲ. ಎಲ್ಲರೂ ಹೌದೆಂದರು.

ಮೇಜಿನ ಬಿಳಿ ಹಾಸಿನ ಕೆಳಗೆ ಒಣಹುಲ್ಲು ಹರಡಿದ್ದರು, ಯೇಸು ದನದ ಗೋದಲಿಯಲ್ಲಿ ಹುಟ್ಟಿದ ನೆನಪಿಗೆ. ಊಟ ಹನ್ನೆರಡು ಬಗೆ. ಅದರಲ್ಲಿ ಗೋಧಿ, ಗಸಗಸೆ, ಜೇನು ಹಾಕಿದ ಒಂದು ಪಾಯಸ ಇತ್ತು, ಅದು ನಮ್ಮ ಗೋಧಿ ಹುಗ್ಗಿಯೇ. ಆದರೆ ಊಟಕ್ಕೆ ಮೊದಲು ಇನ್ನೊಂದು ಕೆಲಸವಿತ್ತು. ಎಲ್ಲರ ಕೈಗೂ ಹಪ್ಪಳಕ್ಕಿಂತ ತೆಳ್ಳಗಿನ ಬಿಳಿ ಬಿಲ್ಲೆ ಕೊಟ್ಟರು. ಒಬ್ಬೊಬ್ಬರೂ ಇನ್ನೊಬ್ಬರ ಹತ್ತಿರ ಹೋಗಿ, ಅವರ ಬಿಲ್ಲೆಯಿಂದ ಚೂರು ಮುರಿದುಕೊಂಡು, ತಮ್ಮದರಿಂದ ಚೂರು ಕೊಟ್ಟು ಒಳ್ಳೆಯದಾಗಲಿ ಎಂದು ಹಾರೈಸಬೇಕು.

ಅಷ್ಟು ಕಂಡದ್ದೇ ನಮಗಿಬ್ಬರಿಗೂ ಎಲ್ಲ ಅರ್ಥವಾಗಿಬಿಟ್ಟಿತು. ಇದು ದಸರೆಯ ಬನ್ನಿ! ನಮ್ಮಲ್ಲಿ ಬನ್ನಿಯೆಲೆ ಕೊಟ್ಟು ತೆಗೆದುಕೊಳ್ಳುವುದಿಲ್ಲವೇ, ಹಾಗೆಯೇ. ಶಾಂತಕ್ಕ ತನಗೆ ಬಂದ ಚೂರನ್ನೆಲ್ಲ ಕಣ್ಣಿಗೊತ್ತಿಕೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿದಳು. ನಾನು ಕೋಟಿನ ಜೇಬಿಗೆ ಇಳಿಸಿದೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಎಂದು ಒಬ್ಬೊಬ್ಬರಿಗೂ ಹೇಳಿ, ಬಾಬ್ಚಾಳ ಕಾಲು ಮುಟ್ಟಿದೆವು. ಬಾಬ್ಚಾ ಏನೋ ಬಿದ್ದಿರಬೇಕೆಂದು ತಾನೂ ಬಗ್ಗಿ ಹುಡುಕಿದಳು.

ಎಲ್ಲರೂ ನಮ್ಮ ಬಾಯಿಯನ್ನೇ ನೋಡುತ್ತಿದ್ದಾರೆ. ಮಾರ್ತಾ ಮೆಲ್ಲಗೆ, "ಅದನ್ನು ತಿನ್ನಬೇಕು" ಎಂದಳು. ಸೆರಗಿನ ಗಂಟು ಬಿಚ್ಚಿದ್ದಾಯಿತು, ಜೇಬು ತಡಕಿದ್ದಾಯಿತು. ಬಂದ ಚೂರನ್ನೆಲ್ಲ ಒಮ್ಮೆಗೇ ಬಾಯಿಗೆ ಹಾಕಿಕೊಂಡು, ಅಂಗುಳಕ್ಕೆ ಅಂಟಿಸಿಕೊಂಡು, ನೀರು ಕುಡಿದೆವು. ಮುಗಿಯಿತೆಂದು ಕೂಡಲು ಹೋದರೆ ಯಾರೂ ಕೂಡಲಿಲ್ಲ. ಬಾಬ್ಚಾ ಬೆರಳು ಮಡಚಿ ಎಣಿಸುತ್ತಿದ್ದಳು. ಎಲ್ಲರೂ ಎಲ್ಲರೊಡನೆ ಮುರಿದಿದ್ದರು. ಒಂದು ಜೋಡಿ ಬಾಕಿ. ಆ ಜೋಡಿ ಮುರಿಯುವ ತನಕ ಮೇಜಿಗೆ ಯಾರೂ ಕೂಡುವಂತಿಲ್ಲ, ಅದು ಆ ಮನೆಯ ಕಟ್ಟು.

ಶಾಂತಕ್ಕ ಛಾವಣಿ ನೋಡಿದಳು. ನಾನು ನೆಲ ನೋಡಿದೆ. ಬೀಟ್‌ರೂಟ್ ಸಾರಿನ ಮೇಲಿನ ಹಬೆ ನಿಂತುಹೋಯಿತು. ಬೆಳಿಗ್ಗೆಯಿಂದ ಹಸಿದ ಒಂಬತ್ತು ಜನ ಗೋಡೆ ಹಿಡಿದು ನಿಂತಿದ್ದರು.

ಮಾರ್ತಾ ನನ್ನ ಕಡೆ ತಿರುಗಿ, "ಇವತ್ತಿನ ರಾತ್ರಿ ಕೊಟ್ಟಿಗೆಯ ದನಗಳೂ ಮಾತಾಡುತ್ತವೆ ಎಂಬ ನಂಬಿಕೆ ನಮ್ಮದು. ನೀವಿಬ್ಬರೂ ಬಂದಾಗಿನಿಂದ ಮಾತಾಡಿಲ್ಲ" ಎಂದಳು.

"ಏನಂತಾಳ ಆಕಿ?" ಶಾಂತಕ್ಕ ಕೇಳಿದಳು. ಒಂದು ತಿಂಗಳ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು.

"ಇವತ್ತ ದನಾನೂ ಮಾತಾಡ್ತಾವಂತ್ರಿ ಅಕ್ಕಾ."

"ಹಂಗಾರ ಮೊದಲ ನೀ ಮಾತಾಡು" ಎಂದಳು.

ಬಿಲ್ಲೆ ಕೈಯಲ್ಲಿ ಹಿಡಿದುಕೊಂಡೇ ನಾನು ಶುರು ಮಾಡಿದೆ. "ಮಾತಾಡೂದೇನೈತ್ರಿ? ನಾ ಕೊಟ್ಟ ಖಣ ನನಗ ಕೊಟ್ರಿ, ನಾ ನಕ್ಕೆ. ಅಷ್ಟಕ್ಕ ಗ್ರೂಪಿನಿಂದ ತಗದ್ರಿ."

"ಅಷ್ಟಕ್ಕ? ಹಂದರದಾಗ ಮಂದಿಗೆಲ್ಲಾ ಎತ್ತಿ ತೋರಿಸಿದಿ. ಸಿಂದಗಿಯಿಂದ ಬಾಗೇವಾಡಿ ಮಟಾ ಹಸಗೊಂಡ ಹೋಗೇನಿ ನಾ!"

"ಉಣ್ಣಬ್ಯಾಡಂತ ನಾ ಅಂದೆನೇನ್ರಿ? ರೈಲಿನ್ಯಾಗ ಊರ ಮಂದಿಗೆಲ್ಲಾ ರೊಟ್ಟಿ ಕೊಟ್ರಿ, ನನಗೊಂದ ಚೂರು ಕೊಡಲಿಲ್ಲ!"

ಸುತ್ತ ನಿಂತವರಿಗೆ ಕನ್ನಡ ಬರುವುದಿಲ್ಲ. ಅವರ ಲೆಕ್ಕದಲ್ಲಿ ನಾವು ಒಬ್ಬರಿಗೊಬ್ಬರು ಹಾರೈಸುತ್ತಿದ್ದೆವು. ಇಷ್ಟು ಉದ್ದದ, ಇಷ್ಟು ಆವೇಶದ ಹಾರೈಕೆಯನ್ನು ಅವರು ಕಂಡಿರಲಿಲ್ಲ. ಮಾರ್ತಾಳ ಚಿಕ್ಕಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಬಾಬ್ಚಾ ಕರವಸ್ತ್ರ ತೆಗೆದಳು.

"ಟ್ರಂಕಿನ್ಯಾಗ ಬ್ಯಾರೆ ಖಣ ಇದ್ದಿದ್ದಿಲ್ಲೇನ್ರಿ ನನಗ ಕೊಡಾಕ?" ಎಂದು ಗಟ್ಟಿಯಾಗಿ ಕೇಳಿದೆ.

ಶಾಂತಕ್ಕ ತಟ್ಟನೆ ತಣ್ಣಗಾದಳು. "ಇದ್ದಿದ್ದಿಲ್ಲ" ಎಂದಳು. "ನಿಮ್ಮ ಭಾವ ಹ್ವಾದ ಮ್ಯಾಲ ನನಗ ಯಾರ ಖಣ ಕೊಡ್ತಾರ? ಕಾರ್ಯಕ್ಕ ಕರೀತಾರ, ಉಣ್ಣಾಕ ನೀಡ್ತಾರ. ಖಣ ಕೊಡೂ ಹೊತ್ತಿಗೆ ನನ್ನ ದಾಟಿ ಬಾಜೂದಾಕಿ ಕೈಯಾಗ ಇಡ್ತಾರ. ಎಲ್ಲಾರ ಮನಿಗೂ ಬರ್ತಾವ, ಹೋಗ್ತಾವ. ನನ್ನ ಮನಿಯಿಂದ ಬರೇ ಹೋಗ್ಯಾವ. ಕಡೀಕ ಅದೊಂದ ಉಳದಿತ್ತು. ನೀ ಕೊಟ್ಟದ್ದಂತ ಯಾರಿಗೂ ಕೊಡದ ಇಟ್ಟಿದ್ದೆ. ಇನ್ನ ನಾ ಅಂತೂ ತೊಡಂಗಿಲ್ಲ. ಅಷ್ಟ ಚಂದದ ಖಣ ಟ್ರಂಕಿನ್ಯಾಗ ಹಾಳಾಗಬಾರದು, ನೀನರ ಹೊಲಿಸಿಕೊ ಅಂತ ಕೊಟ್ಟೆ."

ಆಗ ನನಗೆ ನೆನಪಾಯಿತು. ಹಿಂದಿನ ವರ್ಷ ನಮ್ಮ ಹೊಸ ಮನೆಯ ಪ್ರವೇಶದಲ್ಲಿ ನಾನೇ ಕೈಯಾರೆ ಖಣ ಹಂಚಿದ್ದೆ. ಶಾಂತಕ್ಕನ ಎದುರಿಗೆ ಬಂದಾಗ ನನ್ನ ಕೈ ತಾನಾಗಿ ಮುಂದಿನವಳ ಕಡೆ ಹೋಗಿತ್ತು. ಯೋಚಿಸಿ ಮಾಡಿದ್ದಲ್ಲ. ಯೋಚಿಸದೆ ಮಾಡಿದ್ದೇ ದೊಡ್ಡ ತಪ್ಪು. ಪ್ರತಿ ವರ್ಷ ಮಕ್ಕಳಿಗೆ ಸಮಾನತೆಯ ಮೇಲೆ ಭಾಷಣ ಬರೆದುಕೊಡುತ್ತಿದ್ದ ಕೈ ಅದು. ಆ ಪರದೇಶದ ಮನೆಯಲ್ಲಿ ನಿಂತು ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು.

"ತಪ್ಪಾತ್ರಿ ಅಕ್ಕಾ" ಎಂದೆ. ಬಿಲ್ಲೆ ಮುಂದೆ ಚಾಚಿದೆ.

ಆಕೆ ಚೂರು ಮುರಿಯಲಿಲ್ಲ. ಮುಕ್ಕಾಲು ಬಿಲ್ಲೆಯನ್ನೇ ಮುರಿದುಕೊಂಡಳು. "ಬಂಗಾರದಂಗ ಇರೋಣು" ಎಂದು ಬಾಯಿಗೆ ಹಾಕಿಕೊಂಡು, ತನ್ನದನ್ನು ಇಡಿಯಾಗಿ ನನ್ನ ಬಾಯಿಗೆ ತುರುಕಿದಳು. ಒಂಬತ್ತು ಜನ ಚಪ್ಪಾಳೆ ಹೊಡೆದರು, ಅರ್ಧ ನಮಗೆ, ಅರ್ಧ ತಮ್ಮ ಊಟಕ್ಕೆ. ಇಷ್ಟು ಹೊತ್ತು ಏನು ಹಾರೈಸಿದಿರಿ ಎಂದು ಬಾಬ್ಚಾ ಮಾರ್ತಾಳಿಂದ ಕೇಳಿಸಿದಳು. ಕುಪ್ಪಸದ ಬಟ್ಟೆಯ ವಿಷಯ ಎಂದೆ. ಮಾರ್ತಾ ಅದನ್ನು ತಿಳಿಸಿದಾಗ ಬಾಬ್ಚಾ ಒಂದಿಷ್ಟೂ ಆಶ್ಚರ್ಯಪಡದೆ ತಲೆಯಾಡಿಸಿದಳು.

ಅಲ್ಲಿ ಊಟದ ಮೇಲೆ ಕಾಣಿಕೆ ಕೊಡುವ ಪದ್ಧತಿ. ನಾನು ಸೂಟ್‌ಕೇಸು ಬಿಚ್ಚಿ, ತಳದಿಂದ ಹಸಿರು ಖಣ ತೆಗೆದು, ಬಾಬ್ಚಾಳನ್ನು ದಾಟಿ ಶಾಂತಕ್ಕನ ಮುಂದೆ ನಿಂತೆ. "ಉಡಿ ಒಡ್ಡರಿ" ಎಂದೆ.

"ಹುಚ್ಚಿ! ಮಂದಿ ಏನಂದಾರು?"

"ಯಾವ ಮಂದಿ? ಇಲ್ಲಿ ಯಾರಿಗೆ ಗೊತ್ತೈತಿ?"

"ಇಲ್ಲಿ ಬಿಡು. ಬಾಗೇವಾಡ್ಯಾಗ?"

"ಅಲ್ಲೂ ನಾ ನಿಮ್ಮ ಬಾಜೂಕ ನಿಂದರತೇನಿ" ಎಂದೆ.

ಆಕೆ ಬಾಬ್ಚಾಳ ಕೆಂಪು ಜಾಕೀಟಿನ ಕಡೆ ಒಮ್ಮೆ ನೋಡಿದಳು. ಸೆರಗು ಒಡ್ಡಿದಳು. ಖಣ, ಐದು ಅಕ್ರೋಟು, ಒಂದು ಕಿತ್ತಳೆ, ಹಿಡಿ ಗೋಧಿ, ಹೀಗೆ ಆ ಮೇಜಿನ ಮೇಲೆ ಸಿಕ್ಕದ್ದರಿಂದಲೇ ಉಡಿ ತುಂಬಿದೆ. ಬಾಬ್ಚಾ ತನ್ನ ಪಾಲಿಗೆ ಒಂದು ಕಡುಬು ಹಾಕಿದಳು. ಬಾಬ್ಚಾಗೆ ನನ್ನ ಬುತ್ತಿಯ ಅಷ್ಟೂ ರೊಟ್ಟಿ ಕೊಟ್ಟೆ. ಹಲ್ಲಿಲ್ಲದ ಆಕೆ ಅದನ್ನು ಸಾರಿನಲ್ಲಿ ನೆನೆಸಿಕೊಂಡು ತಿಂದಳು.

ಮುದ್ದೇಬಿಹಾಳ

ಪ್ರವಾಸ ಮುಗಿದದ್ದು ಊರಿಗೆ ಬಂದ ದಿನ ಅಲ್ಲ, ಎರಡು ತಿಂಗಳ ಮೇಲೆ, ಮುದ್ದೇಬಿಹಾಳದಲ್ಲಿ. ಅಲ್ಲಿ ನಮ್ಮವರದೇ ಇನ್ನೊಂದು ಮದುವೆ. ಸಿಂದಗಿಯಲ್ಲಿ ನಕ್ಕಿದ್ದ ಹೆಂಗಸರೆಲ್ಲ ಅಲ್ಲಿದ್ದರು. ಶಾಂತಕ್ಕ ಹಸಿರು ಖಣದ ಕುಪ್ಪಸ ತೊಟ್ಟು ಬಂದಳು. ಚಪ್ಪರದಲ್ಲಿ ಮಾತು ನಿಂತಿತು. ನಾನು ಆ ನಿಂತ ಮಾತಿಗೆ ಹೆದರಿ ಆಕೆಯ ಪಕ್ಕಕ್ಕೆ ಹೋಗಿ ನಿಂತೆ.

ಆಕೆಗೆ ಹೆದರಿಕೆ ಇದ್ದ ಹಾಗೆ ಕಾಣಲಿಲ್ಲ. ಎಲ್ಲರ ನಡುವೆ ತೋಳು ಎತ್ತಿ ತೋರಿಸಿ, "ನೋಡ್ರಿ ಎಲ್ಲಾರೂ, ನನ್ನ ನೆಗೆಣ್ಣಿ ಕೊಟ್ಟ ಖಣ! ತೋಳಿಗೆ ಬಟ್ಟಿ ಸಾಲಿಲ್ಲ. ಕೊಡೂವರು ಅಳತಿ ನೋಡಿ ಕೊಡಬೇಕು!" ಎಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಖಣ ಜೋಡಿಸಿದ ಪರಾತ ಹಿಡಿದು ಬಂದ ಬೀಗತಿ ಶಾಂತಕ್ಕನ ಮುಂದೆ ಬಂದು ಒಂದು ಕ್ಷಣ ತಡೆದಳು. ನಾನು ಅವಳನ್ನೇ ನೋಡುತ್ತಿದ್ದೆ. ಕೊಟ್ಟಳು. ಅದನ್ನು ಕಂಡು ಇನ್ನಿಬ್ಬರು ಕೊಟ್ಟರು.

ತಿರುಗಿ ಬರುವಾಗ ಬಸ್ಸಿನಲ್ಲಿ ಶಾಂತಕ್ಕ ಮೂರೂ ಖಣಗಳನ್ನು ತೊಡೆಯ ಮೇಲೆ ಹರಡಿಕೊಂಡು ನೋಡಿದಳು. ಆಮೇಲೆ ನನ್ನ ಬಾಲ್‌ಪೆನ್ನು ಕೇಳಿ ಇಸಿದುಕೊಂಡು, ನೀಲಿ ಖಣದ ಮೂಲೆಯಲ್ಲಿ ನನಗೆ ಕಾಣುವ ಹಾಗೆ ದೊಡ್ಡದಾಗಿ 'ಸು' ಎಂದು ಬರೆದು ಮಡಚಿಟ್ಟಳು.